ಹಳೇ ತೊಟ್ಟಿಗೆ ಕೊಳಕು ಸ್ಪಂಜು

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮೀನಿನ ತೊಟ್ಟಿಗೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ತುಂಬಿದ ಮೇಲೆ ಆ ನೀರು ಮುಂದಿನ ಗಾಜನ್ನು ಹತ್ತಿರಹತ್ತಿರ 28 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಉದ್ದ ಇಮ್ಮಡಿಯಾದರೆ ಈ ಬಲವೂ ಇಮ್ಮಡಿ. ಎತ್ತರ ಇಮ್ಮಡಿಯಾದರೆ ನಾಲ್ಕು ಪಟ್ಟು. ಬೆಂಗಳೂರಿನ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಮನೆ ಖಾಲಿ ಮಾಡುವವರು ತೊಟ್ಟಿಯನ್ನು ಅಗ್ಗಕ್ಕೆ ಕೊಟ್ಟರೆ ಕುಳ್ಳಗಿರುವುದನ್ನೇ ಆರಿಸಿಕೊಳ್ಳಿ.

ಈ ಬಲವನ್ನೆಲ್ಲ ತಡೆದಿರುವುದು ಗಾಜುಗಳ ನಡುವಿನ ಸಿಲಿಕೋನ್ ಅಂಟು. ಸೋರಿದ ಕಡೆ ಹಳೆಯದರ ಮೇಲೆಯೇ ಹೊಸದನ್ನು ಬಳಿದರೆ ನಿಲ್ಲುವುದಿಲ್ಲ; ಒಣಗಿದ ಸಿಲಿಕೋನಿಗೆ ಹೊಸ ಸಿಲಿಕೋನ್ ಸರಿಯಾಗಿ ಕಚ್ಚುವುದಿಲ್ಲ. ಒಳಮೂಲೆಗಳ ಪಟ್ಟಿಯನ್ನೆಲ್ಲ ಬ್ಲೇಡಿನಿಂದ ಕೆರೆದು ತೆಗೆದು, ಬೂಷ್ಟು ತಡೆಯುವ ಔಷಧ ಬೆರೆಸಿರದ ಸಾದಾ ಸಿಲಿಕೋನ್ ಹಾಕಬೇಕು. ಬಾತ್‌ರೂಮಿಗೆಂದು ಮಾರುವುದರಲ್ಲಿ ಆ ಔಷಧ ಇರಬಹುದು, ಅದು ಮೀನಿಗೆ ವಿಷ. ಸಾದಾ ಸಿಲಿಕೋನ್ ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುವಾಗ ಹುಳಿ ವಾಸನೆ ಬರುತ್ತದೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವೇ ಅದು. ವಾಸನೆ ಪೂರ್ತಿ ಹೋಗುವ ತನಕ, ಒಂದು ವಾರವಾದರೂ ಸರಿ, ನೀರು ತುಂಬಬೇಡಿ.

ಗಾಜಿನ ಮೇಲಿನ ಬಿಳಿ ಗೆರೆ ಬೋರ್‌ವೆಲ್ ನೀರಿನ ಗುರುತು, ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರ್ ಅಥವಾ ನಿಂಬೆಹಣ್ಣಿನ ಹೋಳು ಸಾಕು. ಸೋಪು ಬೇಡ.

ಇಲ್ಲಿಗೆ ಸಲೀಸಾದ ಭಾಗ ಮುಗಿಯಿತು. ತೊಳೆದು ಫಳಫಳ ಹೊಳೆಯುವ ತೊಟ್ಟಿಗೆ ಅವತ್ತೇ ಮೀನು ಬಿಟ್ಟರೆ ಅವು ಕೆಲವೇ ದಿನಗಳಲ್ಲಿ ಸಾಯಬಹುದು. ಅಂಗಡಿಯವನು ರೋಗದ ಮೀನು ಕೊಟ್ಟ ಎಂದು ಬೈಯುವವರೇ ಹೆಚ್ಚು. ಅಸಲಿಗೆ, ಮೀನು ತನ್ನ ಕಿವಿರುಗಳಿಂದಲೇ ಅಮೋನಿಯಾ ಹೊರಹಾಕುತ್ತದೆ. ಹೊಸ ನೀರಿನಲ್ಲಿ ಅದನ್ನು ತಿನ್ನುವವರು ಯಾರೂ ಇರುವುದಿಲ್ಲ. ನೀರಿನ ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ.

ತಿನ್ನುವವರು ಸೂಕ್ಷ್ಮಜೀವಿಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟೂ ವಿಷವೇ, ನೈಟ್ರೇಟನ್ನು ಮೀನು ಬಹಳಷ್ಟು ತಾಳಿಕೊಳ್ಳುತ್ತದೆ, ಗಿಡಕ್ಕಂತೂ ಅದು ಗೊಬ್ಬರ. ಎರಡು ಗುಂಪು ಬೇಕೇ ಬೇಕು ಎಂದು ಬಹುಕಾಲ ನಂಬಲಾಗಿತ್ತು. ನೈಟ್ರೊಸ್ಪೈರಾ ಕುಲದ ಕೆಲವು ಬ್ಯಾಕ್ಟೀರಿಯಾಗಳು ಎರಡೂ ಕೆಲಸವನ್ನು ಒಂಟಿಯಾಗಿ ಮುಗಿಸುತ್ತವೆ ಎಂದು 2015ರಲ್ಲಿ ಗೊತ್ತಾಯಿತು. ಅವುಗಳಲ್ಲಿ ಕೆಲವು ಸಿಕ್ಕಿದ್ದು ಮೀನು ಸಾಕುವ ತೊಟ್ಟಿಗಳ ನೀರು ಶುದ್ಧಿ ಮಾಡುವ ಫಿಲ್ಟರಿನಲ್ಲೇ!

ಈ ಸೂಕ್ಷ್ಮಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಯಾವುದಾದರೂ ಮೈಗೆ ಅಂಟಿಕೊಂಡು ಬದುಕುವುದೇ ಹೆಚ್ಚು, ಉಸಿರಾಟಕ್ಕೆ ಆಮ್ಲಜನಕ ಬೇಕು. ಅಂಗಡಿಯ ಅತಿ ಅಗ್ಗದ ಸ್ಪಂಜ್ ಫಿಲ್ಟರ್ ಎರಡನ್ನೂ ಕೊಡುತ್ತದೆ. ಏರ್ ಪಂಪಿನ ಗುಳ್ಳೆಗಳು ಕೊಳವೆಯೊಳಗಿನ ನೀರನ್ನು ಹಗುರಮಾಡಿ ಮೇಲೇರಿಸುತ್ತವೆ, ಆ ಜಾಗ ತುಂಬಲು ಸುತ್ತಲಿನ ನೀರು ಸ್ಪಂಜಿನೊಳಗಿಂದ ಹಾದು ಬರುತ್ತದೆ. ನೀರಿಗಿಳಿಯುವ ಮೋಟಾರೇ ಇಲ್ಲ, ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ದುಬಾರಿ ಫಿಲ್ಟರಿಗೆ ಮನಸೋಲಬೇಡಿ.

ಕಾಯಲು ಮನಸ್ಸಿದ್ದರೆ ನಾಲ್ಕಾರು ವಾರಗಳಲ್ಲಿ ಈ ಜೀವಿಗಳು ತಾವಾಗಿ ಬೆಳೆಯುತ್ತವೆ. ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕಿದರಾಯಿತು, ಕೊಳೆತು ಅಮೋನಿಯಾ ಕೊಡುತ್ತದೆ. ಕಾವೇರಿ ನಲ್ಲಿ ನೀರಿನ ಕ್ಲೋರಿನ್ ಇವುಗಳನ್ನೂ ಕೊಲ್ಲುವುದರಿಂದ ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಸುರಿಯಿರಿ. ಸ್ಪಂಜನ್ನೂ ನಲ್ಲಿಯ ಕೆಳಗೆ ಹಿಡಿಯದೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಬೇಗ ಆಗಬೇಕೆಂದರೆ, ಚೆನ್ನಾಗಿ ನಡೆಯುತ್ತಿರುವ ತೊಟ್ಟಿ ಇರುವ ಗೆಳೆಯರ ಬಳಿ ಅವರ ಕೊಳಕು ಸ್ಪಂಜಿನ ಒಂದು ತುಂಡು ಕೇಳಿ. ದುಡ್ಡು ಕೊಡಬೇಕಿಲ್ಲ, ಒಣಗದಂತೆ ಅದೇ ನೀರಿನಲ್ಲಿ ಅದ್ದಿ ತಂದರೆ ಸಾಕು. ಅವರ ಮೀನುಗಳ ಮೈಮೇಲೆ ರವೆ ಉದುರಿದಂಥ ಬಿಳಿ ಚುಕ್ಕೆ ಕಂಡರೆ ಮಾತ್ರ ಕಾಫಿ ಕುಡಿದು ಬರಿಗೈಯಲ್ಲಿ ವಾಪಸಾಗಿ: ಆ ಚುಕ್ಕೆ ಹುಟ್ಟಿಸುವ ಪರೋಪಜೀವಿಯೂ ಸ್ಪಂಜಿನ ಜೊತೆಗೇ ಬಂದುಬಿಡಬಹುದು.