ಸೋತ ಡಿಸ್ಕ್‌ಗೆ ಕಂಪ್ಯೂಟರಲ್ಲಿ ಮರುಜೀವ: ಎಚ್‌ಡಿ ಡಿವಿಡಿ ಕಥೆ

ಕಳೆದ ತಿಂಗಳು ಮೈಸೂರಿನ ಚಿಕ್ಕಪ್ಪ ಒಂದು ರಟ್ಟಿನ ಡಬ್ಬ ತಂದು ನನ್ನ ಮುಂದಿಟ್ಟರು. ಒಳಗೆ 22 ಸಿನಿಮಾ ಡಿಸ್ಕ್. ಅಮೆರಿಕದಲ್ಲಿ ಕೆಲಸ ಮಾಡ್ತಿದ್ದಾಗ, 2007ರಲ್ಲಿ ಕೊಂಡಿದ್ದು. ಪ್ಲೇಯರ್ ಕೆಟ್ಟು ವರ್ಷಗಳಾಗಿವೆ. "ನಿನ್ ಕಂಪ್ಯೂಟರಲ್ಲಿ ಓಡ್ಸೋಕಾಗತ್ತೇನೋ?" ಅಂದ್ರು. ನಾನು ಓದಿದ್ದು ಬಿ.ಕಾಂ., ಆದ್ರೂ ಹೂಂ ಅಂದೆ.

ಅವು ಎಚ್‌ಡಿ ಡಿವಿಡಿಗಳು. 2006ರಲ್ಲಿ ತೋಷಿಬಾ ಮುಂದೆ ನಿಂತು ತಂದ ಮಾದರಿ. ಎದುರಾಳಿ ಸೋನಿ ಬಳಗದ ಬ್ಲೂ-ರೇ. 2008ರ ಜನವರಿಯಲ್ಲಿ ವಾರ್ನರ್ ಸ್ಟುಡಿಯೋ ಬ್ಲೂ-ರೇ ಕಡೆ ವಾಲಿತು. ಫೆಬ್ರವರಿ 19ಕ್ಕೆ ತೋಷಿಬಾ ಕೈಚೆಲ್ಲಿತು. ಎರಡು ವರ್ಷವೂ ತುಂಬಿರಲಿಲ್ಲ.

ನಾನು ಮಾಡಿದ ಮೊದಲ ತಪ್ಪು ಕೇಳಿ. ಮನೆಯಲ್ಲಿದ್ದ ಬ್ಲೂ-ರೇ ಡ್ರೈವ್‌ಗೆ ಡಿಸ್ಕ್ ಹಾಕಿದೆ. ಕರ್ರ್ ಅಂತ ತಿರುಗಿ ಸುಮ್ಮನಾಯ್ತು. ಎರಡರಲ್ಲೂ ಇರೋದು 405 ನ್ಯಾನೋಮೀಟರಿನ ಅದೇ ನೀಲಿ-ನೇರಳೆ ಲೇಸರ್. ಆದ್ರೆ ಬ್ಲೂ-ರೇಯಲ್ಲಿ ಮಾಹಿತಿ ಇರೋದು ಮೇಲ್ಮೈಯಿಂದ 0.1 ಮಿಲಿಮೀಟರ್ ಒಳಗೆ. ಎಚ್‌ಡಿ ಡಿವಿಡಿಯಲ್ಲಿ, ಮಾಮೂಲಿ ಡಿವಿಡಿ ತರಾನೇ, 0.6 ಮಿಲಿಮೀಟರ್ ಒಳಗೆ. ಲೆನ್ಸ್ ಬೇರೆ, ಫೋಕಸ್ ಬೇರೆ. ಹಾಗಾಗಿ ಅದಕ್ಕೇ ಮಾಡಿದ ಡ್ರೈವ್ ಬೇಕೇ ಬೇಕು.

ಸುಲಭದ ದಾರಿ, ಎಕ್ಸ್‌ಬಾಕ್ಸ್ 360ಗಾಗಿ ಮೈಕ್ರೋಸಾಫ್ಟ್ 2006ರ ನವೆಂಬರ್‌ನಲ್ಲಿ 199 ಡಾಲರಿಗೆ ಮಾರಿದ ಹೊರಗಿನ ಡ್ರೈವ್. ಅದು ಯುಎಸ್‌ಬಿಯಲ್ಲಿ ಕೆಲಸ ಮಾಡತ್ತೆ, ಕಂಪ್ಯೂಟರಿಗೂ ಸೇರತ್ತೆ. ಸೆಕೆಂಡ್ ಹ್ಯಾಂಡ್ ಕೊಳ್ಳೋವಾಗ ಪವರ್ ಅಡಾಪ್ಟರ್ ಜೊತೆಗಿದೆಯಾ ನೋಡಿ. ಅದರ ಮೇಲೆ ಬರೆದಿರೋ ವೋಲ್ಟೇಜ್ ಓದದೆ ನಮ್ಮ 230 ವೋಲ್ಟಿಗೆ ಚುಚ್ಚಬೇಡಿ. ಎರಡೂ ಬಗೆಯ ಡಿಸ್ಕ್ ಓದೋ ಎಲ್‌ಜಿ ಡ್ರೈವ್‌ಗಳೂ ಇದ್ದವು.

ಮುಂದಿನದು ಸಾಫ್ಟ್‌ವೇರ್. ಈ ಡಿಸ್ಕ್‌ಗಳ ಫೈಲ್ ವ್ಯವಸ್ಥೆ ಯುಡಿಎಫ್ 2.5. ವಿಂಡೋಸ್ ವಿಸ್ಟಾದಿಂದ ಈಚೆಗಿನವು ತಾವೇ ಓದ್ತವೆ. ಎಕ್ಸ್‌ಪಿಗೆ ಬೇರೆ ಡ್ರೈವರ್ ಬೇಕಿತ್ತು. ಡಿಸ್ಕ್ ತೆರೆದರೆ ಎಚ್‌ವಿಡಿವಿಡಿ_ಟಿಎಸ್ ಅನ್ನೋ ಫೋಲ್ಡರ್, ಅದರೊಳಗೆ ಇವಿಒ ಫೈಲ್‌ಗಳು. ಸಿನಿಮಾ ಇರೋದು ಅಲ್ಲೇ. ಡಬಲ್ ಕ್ಲಿಕ್ ಮಾಡಿದ್ರೆ ಓಡಲ್ಲ, ಯಾಕಂದ್ರೆ ಎಎಸಿಎಸ್ ಅನ್ನೋ ಬೀಗ ಹಾಕಿರತ್ತೆ. ನಾನು ಬಳಸಿದ್ದು ಮೇಕ್‌ಎಂಕೆವಿ. ಅದು ಡಿಸ್ಕ್ ಓದಿ ಎಂಕೆವಿ ಫೈಲ್ ಮಾಡಿಕೊಡತ್ತೆ, ಅದನ್ನ ವಿಎಲ್‌ಸಿಯಲ್ಲಿ ನೋಡಬಹುದು. ಗುಣಮಟ್ಟ ಕಮ್ಮಿಯಾಗಲ್ಲ, ಆದ್ರೆ ಡಿಸ್ಕಿನ ಮೆನು ಬರಲ್ಲ. ಎರಡು ಪದರದ ಡಿಸ್ಕಲ್ಲಿ 30 ಜಿಬಿವರೆಗೆ ಇರತ್ತೆ, ಜಾಗ ಖಾಲಿ ಇಟ್ಕೊಳ್ಳಿ. ಇನ್ನೊಂದು ಸಮಾಧಾನ: ಈ ಮಾದರಿಗೆ ರೀಜನ್ ಕೋಡ್ ಇಲ್ಲ. ಅಮೆರಿಕದ ಡಿಸ್ಕ್ ಅನ್ನೋ ತಕರಾರು ಬರಲ್ಲ.

ಕಾನೂನಿನ ಮಾತೂ ಹೇಳ್ಬೇಕು. 2012ರ ತಿದ್ದುಪಡಿಯಿಂದ ನಮ್ಮ ಕಾಪಿರೈಟ್ ಕಾಯ್ದೆಗೆ 65ಎ ಕಲಂ ಸೇರಿದೆ. ಹಕ್ಕುಸ್ವಾಮ್ಯ ಉಲ್ಲಂಘಿಸೋ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಕಾಪಿ ಮಾಡಿ ಹಂಚೋಕೆ, ಮಾರೋಕೆ ಹೋಗಬೇಡಿ.

22ರಲ್ಲಿ 19 ಓಡಿದವು. ಮೂರು ಅರ್ಧಕ್ಕೇ ನಿಂತವು. ಒಂದು ಗೀರೂ ಇರಲಿಲ್ಲ. ಡಿಸ್ಕಿನ ಪದರವೇ ಒಳಗೊಳಗೆ ಹಾಳಾಗಿತ್ತು. ಅದಕ್ಕೆ ಒರೆಸೋದು, ಪಾಲಿಶ್ ಮಾಡೋದು ಯಾವುದೂ ನಾಟಲ್ಲ. ಆ ಮೂರರಲ್ಲಿ ಒಂದು, ಚಿಕ್ಕಮ್ಮ ಇದ್ದಾಗ ಇಬ್ಬರೂ ಮತ್ತೆ ಮತ್ತೆ ನೋಡ್ತಿದ್ದ ಸಿನಿಮಾ. ಅದೇ ಸಿನಿಮಾ ಬೇರೆ ಕಡೆ ಸಿಗತ್ತೆ ಅಂದೆ. "ಸಿಗತ್ತಪ್ಪ, ಆದ್ರೆ ಈ ಡಿಸ್ಕ್ ಅವಳು ಆರ್ಸಿದ್ದು" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ನಿಮ್ಮ ಅಟ್ಟದಲ್ಲೂ ಇಂಥ ಡಬ್ಬ ಇದ್ರೆ, ಮುಂದಿನ ರಜೆಗೆ ಅಂತ ಕಾಯಬೇಡಿ. ಇವತ್ತೇ ಇಳಿಸಿ ನೋಡಿ. ಮತ್ತೆ ಸಿಗೋಣ.