ಕುದುರೆಮುಖಕ್ಕೆ ಕ್ಯಾಮೆರಾ ಬಂದರೆ

ನಮ್ಮ ಕಡೆ ಲೊಕೇಶನ್ ನೋಡಲು ಬರುವ ಸಿನಿಮಾದವರಲ್ಲಿ ಹೆಚ್ಚಿನವರು ಒಂದು ಪ್ರಶ್ನೆ ಕೇಳದೆ ವಾಪಸು ಹೋಗುವುದಿಲ್ಲ: "ಕುದುರೆಮುಖ ಟೌನ್‌ಶಿಪ್ ಖಾಲಿ ಬಿದ್ದಿದೆಯಲ್ಲ ಅಣ್ಣಾ, ಅಲ್ಲೇ ಒಂದು ಫಿಲ್ಮ್ ಸಿಟಿ ಯಾಕೆ ಮಾಡಬಾರದು?" ಕಳಸದ ಹತ್ತಿರ ನನಗೆ ಒಂದಿಷ್ಟು ಕಾಫಿ, ಅಡಿಕೆ ತೋಟವಿದೆ, ಒಂದು ಹಳೇ ಜೀಪಿದೆ. ಶೂಟಿಂಗ್ ಯೂನಿಟ್ ಬಂದಾಗ ಅವರಿಗೆ ರೂಮು ಗೊತ್ತುಮಾಡುವುದು, ಊಟದ ವ್ಯವಸ್ಥೆ, ಸಾಮಾನು ಹೊರಲು ಆಳು, ಪರ್ಮಿಷನ್ನಿಗೆ ಆಫೀಸಿನಿಂದ ಆಫೀಸಿಗೆ ಓಡಾಟ, ಇವೆಲ್ಲ ನನ್ನ ಉಪಕಸುಬು. ಹಾಗಾಗಿ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಫಿಲ್ಮ್ ಸಿಟಿ ಬಂದರೆ ಮೊದಲು ಲಾಭವಾಗುವುದು ನನ್ನಂಥವನಿಗೇ.

ಕುದುರೆಮುಖದ ಕಬ್ಬಿಣದ ಅದಿರನ್ನು ಸಂಪತ್ ಅಯ್ಯಂಗಾರ್ ಎಂಬ ಭೂವಿಜ್ಞಾನಿ ಗುರುತಿಸಿದ್ದು 1913ರಲ್ಲಿ. ಅದನ್ನು ತೆಗೆಯಲು ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿನ ಸಾಲದ ಭರವಸೆಯ ಮೇಲೆ. 1979ರ ಕ್ರಾಂತಿಯಲ್ಲಿ ಅಲ್ಲಿನ ಷಾ ಪದಚ್ಯುತನಾದ, ಬರಬೇಕಿದ್ದ ದುಡ್ಡೂ ನಿಂತಿತು, ಅದಿರು ಕೊಳ್ಳುವವರೂ ಇಲ್ಲವಾದರು. ಆದರೂ ಗಣಿ ಶುರುವಾಯಿತು. ಗುಡ್ಡದ ಕಲ್ಲನ್ನು ಹಿಟ್ಟಿನಂತೆ ಅರೆದು, ಕಬ್ಬಿಣದ ಅಂಶವನ್ನು ಅಯಸ್ಕಾಂತದಿಂದ ಬೇರ್ಪಡಿಸಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ತಡೆಯಲು ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಹೊರಗಿನವರು ಫೋಟೋದಲ್ಲಿ ನೋಡಿ 'ಲೇಕ್ ವ್ಯೂ' ಎನ್ನುವುದು ಈ ಜಾಗಕ್ಕೆ. ನೀರಿನ ಕೆಳಗೆ ಇರುವುದು ಇಪ್ಪತ್ತೈದು ವರ್ಷದ ಗಣಿಯ ಹೂಳು.

ಅದೇ ಹೊತ್ತಿಗೆ ಕಾಡಿನ ಕಥೆಯೂ ಬೆಳೆಯುತ್ತಿತ್ತು. ಎಂಬತ್ತರ ದಶಕದಲ್ಲಿ ವನ್ಯಜೀವಿ ತಜ್ಞ ಉಲ್ಲಾಸ ಕಾರಂತರು ಇಲ್ಲಿಯ ಸಿಂಗಳೀಕಗಳ ಸಮೀಕ್ಷೆ ನಡೆಸಿದರು, 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಗಣಿ ಗುತ್ತಿಗೆ 1999ರಲ್ಲಿ ಮುಗಿದಾಗ ಅದನ್ನು ಮುಂದುವರಿಸಬಾರದೆಂದು ಪರಿಸರದವರು ಸುಪ್ರೀಂ ಕೋರ್ಟಿಗೆ ಹೋದರು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿದ್ದ ಆ ಪ್ರಕರಣದಲ್ಲಿ 2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಅದರಂತೆ 2005ರ ಡಿಸೆಂಬರ್ ಕೊನೆಗೆ ಗಣಿ ಬಂದ್, ಗಣಿಯವರ ಟೌನ್‌ಶಿಪ್ ಖಾಲಿಯಾಗುತ್ತ ಬಂತು. ಕಂಪನಿಯ ಬಸ್ಸು ನಿಂತಿತು, ಸಂಬಳದ ದಿನದ ಪೇಟೆ ವ್ಯಾಪಾರ ನಿಂತಿತು. ಕಳಸದ ಅಂಗಡಿಯವರು ಇವತ್ತಿಗೂ ಕಾಲವನ್ನು 'ಕಂಪನಿ ಇದ್ದಾಗ' 'ಕಂಪನಿ ಹೋದ ಮೇಲೆ' ಎಂದೇ ಲೆಕ್ಕ ಹಿಡಿಯುತ್ತಾರೆ.

ಇಂಥ ಜಾಗಕ್ಕೆ ಸಿನಿಮಾ ತರುವ ಯೋಚನೆ ಹುಚ್ಚಿನದಲ್ಲ. ಪ್ರಪಂಚದಲ್ಲಿ ಹಲವು ಕಡೆ ಅದು ಆಗಿದೆ, ಅದರಲ್ಲೂ ನೀರಿನ ದಡದ ಹಳೇ ಕೈಗಾರಿಕಾ ಜಾಗಗಳಲ್ಲಿ. ಟೈಟಾನಿಕ್ ಹಡಗು ಕಟ್ಟಿದ ಬೆಲ್‌ಫಾಸ್ಟ್‌ನ ಹಡಗುಕಟ್ಟೆಯಲ್ಲಿ ಹಡಗಿನ ಭಾಗಗಳಿಗೆ ಬಣ್ಣ ಬಳಿಯಲೆಂದೇ ಕಟ್ಟಿದ ದೈತ್ಯ ಶೆಡ್ಡೊಂದಿತ್ತು. ನಾಲ್ಕು ಅಂಕಣ, ಸುಮಾರು 90 ಅಡಿ ಎತ್ತರ, ನಡುವೆ ಕಂಬದ ತೊಡಕಿಲ್ಲ. ಹಡಗಿನ ಕೆಲಸ ಕಡಿಮೆಯಾದ ಮೇಲೆ ಅದು ಸ್ಟುಡಿಯೊ ಆಯಿತು. 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಅರಮನೆಗಳು ಎದ್ದದ್ದು ಅದರೊಳಗೆ. ಕೆನಡಾದ ಟೊರಾಂಟೊದ ಬಂದರು ಪ್ರದೇಶದಲ್ಲಿ 2008ರಲ್ಲಿ ದೊಡ್ಡ ಸ್ಟುಡಿಯೊ ತೆರೆಯಿತು. ಅಲ್ಲೇ ಪಕ್ಕದಲ್ಲಿ 1983ರಲ್ಲಿ ನಿಂತುಹೋದ ವಿದ್ಯುತ್ ಸ್ಥಾವರವೂ ಚಿತ್ರಗಳಿಗೆ ಸೆಟ್ ಆಯಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನೌಕಾಪಡೆಯ ಹಡಗುಕಟ್ಟೆ 1966ರಲ್ಲಿ ಮುಚ್ಚಿತು, 2004ರಲ್ಲಿ ಅಲ್ಲಿ ಸ್ಟುಡಿಯೊ ಬಂತು.

ಈ ಮೂರೂ ಕಡೆ ಸಿನಿಮಾದವರು ಹೋದದ್ದು ಸೌಂದರ್ಯಕ್ಕಲ್ಲ, ಸೂರಿಗೆ, ಇಲ್ಲವೇ ಸೂರು ಕಟ್ಟುವ ಜಾಗಕ್ಕೆ. ಸ್ಟುಡಿಯೊ ಭಾಷೆಯಲ್ಲಿ ಫ್ಲೋರ್ ಎಂದರೆ ಎತ್ತರದ ಮಾಡು, ಕಂಬವಿಲ್ಲದ ಒಳಗು, ಲಾರಿ ಒಳಗೇ ಬರುವಷ್ಟು ದೊಡ್ಡ ಬಾಗಿಲು, ಭಾರ ತಡೆಯುವ ನೆಲ, ಬೇಕಾದಷ್ಟು ಕರೆಂಟು. ಹಡಗು ಕಟ್ಟುವವನಿಗೂ ಬೇಕಾದದ್ದು ಇಷ್ಟೇ. ಇದರ ಜೊತೆಗೆ ಇನ್ನೊಂದು: ಆ ಜಾಗಗಳೆಲ್ಲ ದೊಡ್ಡ ನಗರದ ಒಳಗೇ ಇವೆ. ಬಡಗಿ, ಎಲೆಕ್ಟ್ರಿಷಿಯನ್, ದರ್ಜಿ, ಮೇಕಪ್‌ನವರು ಕೆಲಸ ಮುಗಿಸಿ ರಾತ್ರಿ ತಮ್ಮ ಮನೆಗೇ ಹೋಗಿ ಮಲಗುತ್ತಾರೆ.

ಸೂರಿನ ಬೆಲೆ ಏನೆಂದು ತಿಳಿಯಬೇಕಾದರೆ ಮಲೆನಾಡಿಗೆ ಜೂನಿನಲ್ಲಿ ಬರಬೇಕು. ಒಂದು ಯೂನಿಟ್ಟು ಮಳೆಗಾಲದಲ್ಲಿ ಒಳಾಂಗಣದ ದೃಶ್ಯಕ್ಕೆಂದು ಮೂಡಿಗೆರೆ ಕಡೆ ಕಾಫಿ ಗೋಡೌನೊಂದನ್ನು ಬಾಡಿಗೆಗೆ ಹಿಡಿಯಿತು. ಒಳಗೆ ನಡುಮನೆಯ ಸೆಟ್ ಹಾಕಿದರು, ಲೈಟು ಕಟ್ಟಿದರು, ನಾಯಕಿ ಮಾತು ಶುರುಮಾಡಿದಳು. ಶೀಟಿನ ಮೇಲೆ ಮಳೆ ಧೋ ಎಂದು ಬಿತ್ತು. ಸೌಂಡಿನ ಹುಡುಗ ಕಿವಿಯಿಂದ ಹೆಡ್‌ಫೋನ್ ತೆಗೆದು ಕೊರಳಿಗೆ ಹಾಕಿಕೊಂಡು, "ಸಾರ್, ಡೈಲಾಗ್ ಇಲ್ಲ, ಬರೀ ಮಳೆ" ಎಂದ. ಮಾಡಿನ ಮೇಲೆ ಒಣಹುಲ್ಲು ಹರಡಿ ನೋಡಿದೆವು, ತಾಡಪಾಲು ಬಿಗಿದು ನೋಡಿದೆವು. ಕೊನೆಗೆ ದೃಶ್ಯ ತೆಗೆದು, ಮಾತನ್ನು ಬೆಂಗಳೂರಿನಲ್ಲಿ ಡಬ್ ಮಾಡಿಸಿದರು. ಮಾಡಿನ ಒಳಗಡೆ ಸದ್ದು ಹೀರುವ ಒಂದು ಪದರ ಇದ್ದಿದ್ದರೆ ಆ ಖರ್ಚು ಉಳಿಯುತ್ತಿತ್ತು. ಕುದುರೆಮುಖದಲ್ಲಂತೂ ವರ್ಷಕ್ಕೆ ಆರು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಬಾಗಿಲು ಹಾಕಿದ ಕ್ವಾರ್ಟರ್ಸುಗಳ ಗೋಡೆಗೆ ಪಾಚಿ ಹಿಡಿದು, ಮರದ ಚೌಕಟ್ಟು ಕುಂಬಾಗುವುದಕ್ಕೆ ಹೆಚ್ಚು ವರ್ಷ ಬೇಕಾಗುವುದಿಲ್ಲ.

ನಮ್ಮ ರಾಜ್ಯದಲ್ಲೇ ಗಣಿಯೊಂದು ಸಿನಿಮಾ ಆದದ್ದು ಎಲ್ಲರಿಗೂ ಗೊತ್ತು. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿತು. ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳ ಮೇಲೆ 'ಕೆ.ಜಿ.ಎಫ್' ಚಿತ್ರಕ್ಕೆ ಸೆಟ್ ಹಾಕಿದರು. 2018ರಲ್ಲಿ ತೆರೆಕಂಡ ಆ ಚಿತ್ರ ದೇಶವನ್ನೆಲ್ಲ ಸುತ್ತಿತು. ಆದರೆ ಸೆಟ್ ಬಿಚ್ಚಿದ ಮೇಲೆ ಅಲ್ಲಿ ಸ್ಟುಡಿಯೊ ಉಳಿಯಲಿಲ್ಲ. ಗಣಿ ಕಾಲೋನಿಯ ಜನ ಇವತ್ತೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಜಿಲ್ಲೆಗೂ ಇದರ ಅನುಭವ ಹಳೆಯದು. 1974ರ 'ಭೂತಯ್ಯನ ಮಗ ಅಯ್ಯು' ಚಿತ್ರವನ್ನು ಸಿದ್ದಲಿಂಗಯ್ಯನವರು ಚಿಕ್ಕಮಗಳೂರಿನ ಕಳಸಾಪುರದಲ್ಲಿ ತೆಗೆದರು. ಊರಿಗೆ ಹೆಸರು ಬಂತು, ಊರಿನವರಿಗೆ ಹೇಳಿಕೊಳ್ಳಲು ಕಥೆ ಸಿಕ್ಕಿತು. ಕಸುಬು ಬರಲಿಲ್ಲ. ಔಟ್‌ಡೋರ್ ಶೂಟಿಂಗಿಗೂ ಸಿನಿಮಾ ಕೇಂದ್ರಕ್ಕೂ ಇರುವ ಅಂತರ ಇದು: ಒಂದರಲ್ಲಿ ಯೂನಿಟ್ ಪ್ಯಾಕಪ್ ಮಾಡಿ ಹೊರಟರೆ ಮುಗಿಯಿತು, ಇನ್ನೊಂದರಲ್ಲಿ ಒಂದು ಯೂನಿಟ್ ಹೋದರೂ ಕೆಲಸಗಾರ ಊರಲ್ಲೇ ಇರುತ್ತಾನೆ, ಮುಂದಿನ ಯೂನಿಟ್ಟಿಗೆ ಕಾಯುತ್ತಾನೆ.

ಹಾಗಾದರೆ ಕುದುರೆಮುಖ? ಉದ್ಯಾನದ ಅಂಚಿನ ತಣಿಕೋಡು ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿದರೆ ಹೊತ್ತು ಬರೆದ ಚೀಟಿ ಕೊಡುತ್ತಾರೆ. ಅಷ್ಟು ಹೊತ್ತಿನೊಳಗೆ ಆಚೆ ಗೇಟು ದಾಟಬೇಕು, ನಡುವೆ ಎಲ್ಲೂ ನಿಲ್ಲುವ ಹಾಗಿಲ್ಲ. ಒಬ್ಬ ಪ್ರವಾಸಿಯ ಕಾರಿಗೇ ಇಷ್ಟು ಕಟ್ಟುಪಾಡು ಇರುವಲ್ಲಿ ಜನರೇಟರ್ ವ್ಯಾನು, ಕ್ರೇನು, ನೂರಾರು ಜನರ ಊಟದ ಗಾಡಿ ಹಗಲೂ ರಾತ್ರಿ ಓಡಾಡುವುದನ್ನು ಊಹಿಸಿ. ವನ್ಯಜೀವಿ ಕಾಯ್ದೆ ಚಿತ್ರೀಕರಣವನ್ನೇನೂ ಪೂರಾ ನಿಷೇಧಿಸಿಲ್ಲ. ಅನುಮತಿ ಪಡೆದು, ನೆಲೆಗೂ ಪ್ರಾಣಿಗೂ ತೊಂದರೆ ಮಾಡದೆ ತೆಗೆಯಬಹುದು. ಮಂಜು ಕವಿದ ಶೋಲಾ ಕಾಡಿನ ಶಾಟ್ ತೆಗೆಯಲು ಅಷ್ಟು ಸಾಕು. ಫ್ಲೋರ್ ಕಟ್ಟಲು ಸಾಲದು. ಅದಿರನ್ನೇ ಬಿಟ್ಟುಕೊಟ್ಟು ಉಳಿಸಿಕೊಂಡ ಕಾಡಿಗೆ ಕ್ಯಾಮೆರಾ ನೆಪದಲ್ಲಿ ಮತ್ತೆ ಲಾರಿ ನುಗ್ಗಿಸುವುದು ಸುಪ್ರೀಂ ಕೋರ್ಟಿನ ಆ ತೀರ್ಪಿನ ಅರ್ಥಕ್ಕೇ ವಿರುದ್ಧ. ಹಳೇ ಕೈಗಾರಿಕಾ ಜಾಗವೆಂದರೆ ಯಾರದೂ ಅಲ್ಲದ ಜಾಗ ಎಂಬ ಭಾವನೆ ನಮ್ಮಲ್ಲಿದೆ. ಬೆಂಗಳೂರಿನ ಎಚ್.ಎಂ.ಟಿ. ಜಮೀನಿನಲ್ಲಿ ಸೆಟ್ ಹಾಕಲು ಮರ ಕಡಿದ ಆರೋಪದ ಮೇಲೆ 2024ರಲ್ಲಿ ಅರಣ್ಯ ಇಲಾಖೆ ಪ್ರಕರಣ ದಾಖಲಿಸಿತು. ನಗರದೊಳಗಿನ ಕಾರ್ಖಾನೆ ಜಾಗದ ಪಾಡೇ ಹೀಗಾದರೆ ರಾಷ್ಟ್ರೀಯ ಉದ್ಯಾನದ ಮಾತೇನು?

ಸರ್ಕಾರದ ದೊಡ್ಡ ಫಿಲ್ಮ್ ಸಿಟಿ ಹೇಗೂ ಮೈಸೂರಿಗೆ ಗೊತ್ತಾಗಿದೆ. 2025ರ ಬಜೆಟ್ಟಿನಲ್ಲಿ ಅದಕ್ಕೆ 150 ಎಕರೆ ಜಾಗ, 500 ಕೋಟಿ ರೂಪಾಯಿಯ ಯೋಜನೆ ಎಂದು ಹೇಳಿದ್ದಾರೆ. ನಾವು ಅದಕ್ಕೆ ಪೈಪೋಟಿ ಕೊಡಬೇಕಾಗಿಲ್ಲ. ನಮ್ಮಲ್ಲಿ ಇರುವ ಸೂರು ಬೇರೆ ಥರದ್ದು: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸುಗಳು, ತೋಟಗಳ ಪಲ್ಪರ್ ಮನೆಗಳು, ಗೋಡೌನುಗಳು, ಸಿಮೆಂಟಿನ ಕಣಗಳು. ಇವು ಕಾಡಿನ ಹೊರಗಿವೆ, ಲಾರಿ ರಸ್ತೆಗೆ ಅಂಟಿಕೊಂಡಿವೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೊಯ್ಲು, ಒಣಗಿಸುವುದು, ಸಾಗಿಸುವುದು ಎಂದು ಗಡಿಬಿಡಿ. ಮಳೆಗಾಲ ಹಿಡಿದರೆ ಕಣ ಖಾಲಿ, ಎಷ್ಟೋ ಗೋಡೌನು ಖಾಲಿ. ಅಂದರೆ ಹೊರಾಂಗಣ ಶೂಟಿಂಗ್ ಆಗದ ತಿಂಗಳುಗಳಲ್ಲೇ ನಮ್ಮ ಸೂರು ಬಿಡುವಾಗಿರುತ್ತದೆ. 2013ರಿಂದ ಚಿಕ್ಕಮಗಳೂರಿಗೆ ರೈಲೂ ಬಂದಿದೆ.

ಎರಡು ಮೂರು ಗೋಡೌನಿಗೆ ಸದ್ದು ತಡೆಯುವ ಮಾಡು, ಸರಿಯಾದ ತ್ರೀ ಫೇಸ್ ಕರೆಂಟು, ಗಟ್ಟಿ ನೆಲ ಆದರೆ ಧಾರಾವಾಹಿ, ವೆಬ್ ಸೀರೀಸ್‌ನವರಿಗೆ ಧಾರಾಳವಾಯಿತು. ಆದರೆ ಕಟ್ಟಡಕ್ಕಿಂತ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ. ಇವತ್ತು ಕಳಸಕ್ಕೆ ಬರುವ ಯೂನಿಟ್ಟಿನಲ್ಲಿ ಲೈಟ್‌ಮನ್‌ನಿಂದ ಹಿಡಿದು ಪ್ರೊಡಕ್ಷನ್ ಹುಡುಗನವರೆಗೆ ಎಲ್ಲರೂ ಬೆಂಗಳೂರಿನವರು. ಸ್ಥಳೀಯರಿಗೆ ಸಿಗುವುದು ಹೊರೆ ಹೊರುವ ಕೂಲಿ, ಜನಜಂಗುಳಿಯ ದೃಶ್ಯದಲ್ಲಿ ನಿಲ್ಲುವ ಕೂಲಿ, ನನ್ನ ಜೀಪಿನ ಬಾಡಿಗೆ. ಐ.ಟಿ.ಐ. ಮುಗಿಸಿ ಮಂಗಳೂರಿಗೋ ಬೆಂಗಳೂರಿಗೋ ಹೋಗುವ ನಮ್ಮ ಹುಡುಗರಲ್ಲಿ ಹತ್ತು ಮಂದಿಗೆ ಸಿನಿಮಾ ಲೈಟಿನ ವೈರಿಂಗ್, ಹತ್ತು ಮಂದಿಗೆ ಸೆಟ್ ಬಡಗಿತನ, ನಾಲ್ಕು ಹೆಣ್ಣುಮಕ್ಕಳಿಗೆ ಸೌಂಡು, ವಸ್ತ್ರ, ಮೇಕಪ್ ಕಲಿಸಿದರೆ ಬೆಂಗಳೂರಿನಿಂದ ಅಷ್ಟು ಜನರನ್ನು ಕರೆತರುವ ಬಸ್ಸು, ರೂಮು, ಬಾಟಾ ಖರ್ಚು ನಿರ್ಮಾಪಕನಿಗೆ ಉಳಿಯುತ್ತದೆ. ಆ ಉಳಿತಾಯವೇ ಅವನನ್ನು ಮತ್ತೆ ಇಲ್ಲಿಗೆ ಕರೆತರುವುದು. ಗಣಿ ಕಂಪನಿ ಹೊರಗಿನಿಂದ ಬಂತು, ಕೆಲಸ ಕೊಟ್ಟಿತು, ಹೊರಟಿತು. ಸಿನಿಮಾ ಕಂಪನಿಗಳೂ ಬಂದು ಹೋಗುವಂಥವೇ. ಅವು ಹೋದ ಮೇಲೂ ಊರಲ್ಲಿ ಉಳಿಯುವುದು ನಮ್ಮ ಹುಡುಗರು ಕಲಿತ ಕಸುಬು ಮಾತ್ರ. ದುಡ್ಡು ಹಾಕುವುದಾದರೆ ಮೊದಲು ಅದಕ್ಕೆ ಹಾಕಲಿ.