ತನ್ನನ್ನೇ ಹಳಿಯುವ ಮನಸ್ಸು ಮತ್ತು ನಾಳೆಯ ಭಯ

ಡಿಗ್ರಿ ಮುಗಿಸಿಯೂ ಕೆಲಸ ಸಿಗದ ಮಗ, ನೀಟ್‌ನಲ್ಲಿ ಅಂಕ ಕಡಿಮೆ ಬಂದ ಮಗಳು, ಗಲ್ಫ್ ವೀಸಾಕ್ಕೆ ಕಾಯುತ್ತಿರುವ ತಮ್ಮ. ನಾಪೋಕ್ಲುವಿನಿಂದ ಸುಂಟಿಕೊಪ್ಪದವರೆಗೆ ಇಂಥವರಿಲ್ಲದ ಮನೆಗಳು ಕಡಿಮೆ. "ನಾನು ಯಾವುದಕ್ಕೂ ಆಗದವನು" ಎಂದು ಇವರು ಪದೇ ಪದೇ ಹೇಳುವುದನ್ನು ಕೆಲವು ಹಿರಿಯರು ವಿನಯವೆಂದೂ ಕೆಲವರು ಈಮಾನಿನ ಕೊರತೆಯೆಂದೂ ತಿಳಿಯುತ್ತಾರೆ. ಎರಡೂ ಸರಿಯಲ್ಲ.

ಆತ್ಮವಿಮರ್ಶೆ ಇಸ್ಲಾಮಿನಲ್ಲಿ ಒಳ್ಳೆಯ ಗುಣವೇ. ಸೂರಃ ಅಲ್ ಕಿಯಾಮದ ಆರಂಭದಲ್ಲಿ ಅಲ್ಲಾಹನು ತನ್ನನ್ನು ಆಕ್ಷೇಪಿಸಿಕೊಳ್ಳುವ ಮನಸ್ಸಿನ (ನಫ್ಸುಲ್ಲವ್ವಾಮ) ಆಣೆ ಹಾಕಿದ್ದಾನೆ. ಇಮಾಮ್ ಗಝಾಲಿ(ರ) ಮುಹಾಸಬವನ್ನು ವ್ಯಾಪಾರಿಯ ಲೆಕ್ಕಕ್ಕೆ ಹೋಲಿಸಿದ್ದಾರೆ. ಆದರೆ ನಷ್ಟ ಕಂಡ ವ್ಯಾಪಾರಿ ಅಂಗಡಿಗೇ ಬೆಂಕಿ ಹಚ್ಚುವುದಿಲ್ಲವಲ್ಲ! "ಈ ಸಲ ಸರಿಯಾಗಿ ಓದಲಿಲ್ಲ" ಎಂಬುದು ಮುಹಾಸಬ. ಅದಕ್ಕೆ ತಿದ್ದುಪಡಿ ಇದೆ. "ನಾನೇ ಕೆಟ್ಟವನು" ಎಂಬುದಕ್ಕೆ ತಿದ್ದುಪಡಿ ಎಲ್ಲಿಂದ? ಹಾಗೆ ನಂಬಿದವನಿಗೆ ನಾಳೆಯೆಂದರೆ ಇನ್ನೊಂದು ಸೋಲು ಮಾತ್ರ. ಆತಂಕ ಬೆಳೆಯುವುದು ಇಲ್ಲಿ. ತನ್ನ ಮನಸ್ಸು ಹೊಲಸಾಯಿತೆಂದು ಯಾರೂ ಹೇಳಬಾರದು, ಬೇಸರಗೊಂಡಿದೆ ಎಂದಷ್ಟೇ ಹೇಳಬೇಕು ಎಂದು ಪ್ರವಾದಿ(ಸ) ಕಲಿಸಿದ್ದು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ.

ಸ್ವಭಾವದ ಪಾಲೂ ಇದೆ. ಮನಃಶಾಸ್ತ್ರಜ್ಞರು ವ್ಯಕ್ತಿತ್ವವನ್ನು ಅಳೆಯುವ ಐದು ಗುಣಗಳಲ್ಲಿ ಬೇಗ ಕಳವಳಗೊಳ್ಳುವುದೂ ಒಂದು. ಅದು ಹೆಚ್ಚಿರುವವರು ತಮ್ಮನ್ನು ಹಳಿದುಕೊಳ್ಳುವುದೂ ಹೆಚ್ಚು, ಭವಿಷ್ಯಕ್ಕೆ ಹೆದರುವುದೂ ಹೆಚ್ಚು. ಇದು ಒಂದಷ್ಟು ಹುಟ್ಟಿನಿಂದಲೇ ಬರುವುದರಿಂದ, "ಅಣ್ಣ ಹೀಗಿರಲಿಲ್ಲ, ನೀನೇಕೆ ಹೀಗೆ?" ಎಂಬ ಹೋಲಿಕೆಯಿಂದ ಪ್ರಯೋಜನವಿಲ್ಲ.

ಹನ್ಝಲ(ರ) ಪ್ರವಾದಿಯವರ ಬರಹಗಾರರಲ್ಲಿ ಒಬ್ಬರು. ಪ್ರವಾದಿಯವರ ಸನ್ನಿಧಿಯಲ್ಲಿ ಸ್ವರ್ಗ ನರಕಗಳು ಕಣ್ಣೆದುರೇ ಇದ್ದಂತೆ ತೋರುತ್ತಿದ್ದರೆ, ಮನೆಗೆ ಬಂದು ಹೆಂಡತಿ ಮಕ್ಕಳ ನಡುವೆ ಎಷ್ಟೋ ಮರೆತುಹೋಗುತ್ತಿತ್ತು. ತಾನು ಮುನಾಫಿಕ್ ಆಗಿಬಿಟ್ಟೆನೆಂದು ಅವರು ಅಬೂಬಕ್ಕರ್(ರ)ರ ಬಳಿ ಹೇಳಿಕೊಂಡರು. ಅಬೂಬಕ್ಕರ್(ರ) ಗದರಲಿಲ್ಲ, ಉಪದೇಶಕ್ಕೂ ಇಳಿಯಲಿಲ್ಲ. ತನಗೂ ಹಾಗೆಯೇ ಆಗುತ್ತದೆ ಎಂದರು. ಇಬ್ಬರೂ ಜೊತೆಯಾಗಿ ಪ್ರವಾದಿಯವರ ಬಳಿ ಹೋದರು. ಮನುಷ್ಯ ಸದಾ ಒಂದೇ ಸ್ಥಿತಿಯಲ್ಲಿರಲಾರ, ಅದಕ್ಕೊಂದು ಹೊತ್ತು, ಇದಕ್ಕೊಂದು ಹೊತ್ತು ಎಂಬ ಸಮಾಧಾನ ಅಲ್ಲಿ ಸಿಕ್ಕಿತು. "ನನಗೂ ನಿನ್ನ ಪ್ರಾಯದಲ್ಲಿ ಹೀಗೇ ಭಯವಾಗಿತ್ತು" ಎಂದು ಎಷ್ಟು ತಂದೆಯರು ಮಕ್ಕಳಿಗೆ ಹೇಳಿದ್ದೇವೆ?

ವಾರಗಟ್ಟಲೆ ನಿದ್ದೆ, ಊಟ ಕೆಟ್ಟರೆ, ಬದುಕೇ ಬೇಡವೆಂಬ ಮಾತು ಬಂದರೆ ದುಆದ ಜೊತೆಗೆ ಚಿಕಿತ್ಸೆಯೂ ಬೇಕು. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.